ಸರ್ಫಿಂಗ್ ಖುಷಿ ಕೊಡುತ್ತದೆ, ಆದರೆ ನನ್ನ ವಿಡಿಯೊ ನೋಡಿದರೆ ನಾಚಿಕೆಯಾಗುತ್ತದೆ. ಬಿಟ್ಟುಬಿಡಲೇ?

ತಲಿಗಿಂತ ಎತ್ತರದ ಅಲಿ ಹತ್ತೀನಿ ಅಂದ್ಕೊಂಡಿದ್ರಿ, ವಿಡಿಯೊದಾಗ ಅದು ಮೊಳಕಾಲು ದಾಟಲಿಲ್ಲ, ಹೌದಲ್ರಿ? ನಂದೂ ಅದೇ ಕತಿ. ಕಲಬುರಗಿಯವ ನಾನು, ಈಜು ಕಲಿತದ್ದು ತೋಟದ ಬಾವ್ಯಾಗ. ಮೂಲ್ಕಿಯೊಳಗ ಶಾಂಭವಿ ನದಿ ಸಮುದ್ರ ಸೇರೋ ಕಡಿ ಮೊದಲ ಸಲ ಬೋರ್ಡ್ ಮ್ಯಾಲ ಎದ್ದು ನಿಂತಾಗ ನನ್ನ ಲೆಕ್ಕಕ್ಕ ನಾನು ಸರ್ಫಿಂಗ್‌ಗೆ ಹೆಸರಾದ ಹವಾಯಿಯವನೇ. ರಾತ್ರಿ ತಮ್ಮ ಮೊಬೈಲ್ ಹಿಡದ: "ಅಣ್ಣಾ, ತೊಗರಿ ಕೊಯ್ಲಿಕ್ಕಿ ಬಗ್ಗಿದಂಗ ನಿಂತಿ ನೋಡು." ಮೊಳಕಾಲು ಸೆಟದು, ಸೊಂಟ ಬಗ್ಗಿ, ಕುಂಡಿ ಹಿಂದ.

ನನ್ನ ಎಡವಟ್ಟು ಏನಂದ್ರ, ತಪ್ಪನ್ನ ಬೋರ್ಡಿನ ಮ್ಯಾಲ ಹಾಕಿದೆ. 9 ಅಡಿ ಫೋಮ್ ಬೋರ್ಡು ಕಲಿಯೋರದು, ಅದಕ್ಕೇ ಹಂಗ ಕಾಣಸ್ತೀನಿ ಅಂತ, ಕಲಿಸೋರು ಬ್ಯಾಡಂದ್ರೂ 6 ಅಡಿಯದೊಂದು ಸೆಕೆಂಡ್‌ಹ್ಯಾಂಡ್ ಫೈಬರ್ ಬೋರ್ಡು ತಗೊಂಡೆ. ಇದನ್ನ ಬಿಡಿಸೇ ಹೇಳ್ತೀನಿ. ದೊಡ್ಡ ಬೋರ್ಡಿನ ಗಾತ್ರ 70-80 ಲೀಟರ್, ಇಲ್ಲಾ ಇನ್ನೂ ಜಾಸ್ತಿನೇ ಇರ್ತದ. ಎತ್ತರಕ್ಕ ತೇಲ್ತದ, ಕೈಲೆ ನಾಕು ಸಲ ನೀರು ಎಳದ್ರ ಸಣ್ಣ ಅಲಿಯ ವೇಗಕ್ಕ ಕೂಡ್ತದ. ಸಣ್ಣದು 30 ಲೀಟರ್ ಆಸುಪಾಸು. ನನ್ನಂಥ ದಪ್ಪನ ಆಳು ಮಲಗಿದ್ರ ಬೋರ್ಡೇ ನೀರಿನ ಕೆಳಗ. ಮುಳುಗಿದ್ದು ಓಡಂಗಿಲ್ಲ, ಅಲಿ ನಮ್ಮನ್ನ ಬಿಟ್ಟು ಹೋಗಿಬಿಡ್ತದ. ಸಿಕ್ಕರೂ ಅದು ಮುರಿಯೋ ಹೊತ್ತಿಗೆ ಸಿಗ್ತದ, ಆಗ ಬೋರ್ಡಿನ ಮೂತಿ ನೀರಾಗ, ನಾವು ಅದರ ಮುಂದ. ಆ ರಜಾ ಪೂರ್ತಿ ನಾನು ಎದ್ದು ನಿಂತದ್ದೇ ಇಲ್ಲ. ನಿಲ್ಲಲಿಕ್ಕೇ ಆಗದವ ಸೊಂಟ ಯಾವಾಗ ತಿದ್ದಿಕೊಂಡಾನು? ಅರ್ಧ ರೇಟಿಗೆ ಮಾರಿದೆ, ಭುಜದ ನೋವು ಮಾತ್ರ ಯಾರೂ ಕೊಳ್ಳಲಿಲ್ಲ.

ನೀವು ಕೇಳೋದೇ ಸರಿ ಇಲ್ರಿ. ವಿಡಿಯೊ ಖರೇ, ಖುಷಿ ಸುಳ್ಳು ಅಂತ ಯಾರು ಹೇಳ್ಯಾರ? ಬಕ್ಕಬರಲೆ ಮಲಗಿದವನ ಕಣ್ಣು ನೀರಿಗೆ ಅಷ್ಟು ಹತ್ತಿರ ಇದ್ದಾಗ ಸೊಂಟಮಟ ಅಲಿಯೂ ತಲಿ ಮ್ಯಾಲ ಬಂದಂಗೇ ಕಾಣೋದು. ಹವಾಯಿಯ ಹಳೇ ಸರ್ಫರ್‌ಗಳು ಅಲಿಯನ್ನ ಹಿಂದಿನಿಂದ ಅಳೀತಾರ. ಮುಂದಿನಿಂದ ಅಳೆಯೋರ ಲೆಕ್ಕದ ಹೆಚ್ಚೂಕಡಿಮಿ ಅರ್ಧ ಬರ್ತದ ಅದು. ಹುಟ್ಟಾ ಸಮುದ್ರದಾಗ ಬೆಳೆದವರಿಗೇ ಎತ್ತರದ ಮ್ಯಾಲ ಒಮ್ಮತ ಇಲ್ಲ, ನಿಮಗ್ಯಾಕ ನಾಚಿಕಿ?

ವಿಡಿಯೊ ಕಲಿಸೋರ ಕೈಯಾಗ ಕೊಡ್ರಿ, ಪಾದ ಎಲ್ಲಿ ಬಿತ್ತು ಅಂತ ಅವರು ನೋಡ್ಲಿ. ಸ್ಟೇಟಸ್‌ಗೆ ಹಾಕಬ್ಯಾಡ್ರಿ. ಯಾರು ಏನಂದ್ರೂ ಉದ್ದ ಬೋರ್ಡೇ ಕೇಳ್ರಿ. ಮಳಿಗಾಲದ ಕರಾವಳಿ ಸಮುದ್ರ ಕಲಿಯೋರಿಗಲ್ಲ. ದಸರಾ ದಾಟಿದ ಮ್ಯಾಲ ಹೋಗ್ರಿ, ಮುಂಜಾನಿ, ಗಾಳಿ ಏಳೋಕ್ಕಿಂತ ಮೊದಲ ನೀರಿಗಿಳೀರಿ.