ಪ್ರತಿಕ್ರಿಯೆ: ಕಬ್ಬಿನ ಗ್ಯಾಂಗಿನವರ ಹತ್ತಿರ ಆರೋಗ್ಯದ ವಿಷಯ ಕೇಳೋದು ಹೇಗೆ?

ಮುಧೋಳದ ಹತ್ತಿರ ಕಬ್ಬು ಕಡಿಯಲು ಬಂದವರ ಜೋಪಡಿಗಳಿಗೆ ಸರ್ವೆಗೆ ಹೋದರೆ ಯಾರೂ ಸಿಗಲ್ಲ, ಸಿಕ್ಕವರು ಬಾಯಿ ಬಿಡಲ್ಲ ಅಂತ ಬರೆದಿದ್ದೀರಿ.

ಮೊದಲು ಹೊತ್ತು ಬದಲಿಸಿ. ಅವರು ನಸುಕಿನಲ್ಲೇ ಹೊಲಕ್ಕೆ ಹೋಗಿಬಿಡುತ್ತಾರೆ. ನಾನೂ ಜಮಖಂಡಿ ಕಡೆ ಬೆಳಿಗ್ಗೆ ಹತ್ತಕ್ಕೆ ಹೋಗಿದ್ದೆ. ಎರಡು ಆಡು, ಒಬ್ಬ ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ ಒಲೆ ಪಕ್ಕ ಕೂತರೆ ಮಾತು ತಾನಾಗಿ ಬರುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯವರಾದರೆ ಮರಾಠಿ ಬರುವ ಹೆಣ್ಣುಮಗಳೊಬ್ಬರು ಜೊತೆಗಿರಲಿ. ಮುಕಾದಮನಿಗೆ (ಮುಂಗಡ ಕೊಟ್ಟು ಗ್ಯಾಂಗ್ ಕರೆತರುವ ಮೇಸ್ತ್ರಿ) ಹೇಳಿಯೇ ಹೋಗಿ, ಆದರೆ ಅವನ ಎದುರು ಏನೂ ಕೇಳಬೇಡಿ. ಮುಂಗಡ ತಗೊಂಡವರು ಕೆಮ್ಮು, ಜ್ವರ ಮುಚ್ಚಿಡುತ್ತಾರೆ. ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ ಅಲ್ವಾ?

ಫಾರ್ಮ್ ಚಿಕ್ಕದಿರಲಿ. ಎಲ್ಲಿಂದ ಬಂದರು, ಯಾವಾಗ ವಾಪಸ್, ಗರ್ಭಿಣಿ ಇದ್ದಾರಾ, ಜ್ವರ ಇದೆಯಾ, ಎರಡು ವಾರ ದಾಟಿದ ಕೆಮ್ಮು ಇದೆಯಾ. ಸಾಕು. ಶುರುವಿಗೇ ಆಧಾರ್ ಕೇಳಿದಿರೋ, ಎದ್ದು ಹೋಗುತ್ತಾರೆ.

ಮಗುವಿನ ಲಸಿಕೆ ವಿಷಯದಲ್ಲಿ 'ಹಾಕಿಸಿದೀರಾ' ಅಂತ ಸುಮ್ನೆ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಕಾರ್ಡ್ ತೋರಿಸಿ ಅನ್ನಿ. ಒಬ್ಬ ತಾಯಿ ಅದನ್ನು ಸೀರೆ ಗಂಟಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಳು! ದಡಾರ-ರುಬೆಲ್ಲಾ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ನಾನು ನೋಡಿದಂತೆ ಎರಡನೆಯದೇ ಜಾಸ್ತಿ ತಪ್ಪಿರುತ್ತದೆ. ಲಸಿಕೆ ತಪ್ಪಿದ ಮಕ್ಕಳ ಪಟ್ಟಿಯನ್ನು ಅವತ್ತೇ ಆಶಾ ಅಕ್ಕನಿಗೆ ಕೊಡಿ, ಕಡಿತ ಮುಗಿದರೆ ಗ್ಯಾಂಗ್ ರಾತ್ರೋರಾತ್ರಿ ಬೇರೆ ಊರಿಗೆ ಹೋಗಿರುತ್ತದೆ.

ಯಾರಿಗಾದರೂ ಕ್ಷಯ ಅಂತ ಗೊತ್ತಾದರೆ ನಿಕ್ಷಯ್ ನಂಬರ್ (ಸರ್ಕಾರದ ಕ್ಷಯ ದಾಖಲೆಯಲ್ಲಿ ರೋಗಿಗೆ ಕೊಡುವ ಗುರುತಿನ ಸಂಖ್ಯೆ) ಬರೆದು ಅವರ ಕೈಗೇ ಕೊಡಿ. ಊರಿಗೆ ಹೋದ ಮೇಲೂ ಅದೇ ನಂಬರಿನ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಮುಂದುವರಿಸಬಹುದು.