ವಿಮಾನದ ಮಾತು ಕೇಳೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿರ್ಸಿಯಿಂದ ಒಬ್ಬ ನಿವೃತ್ತ ಮಾಸ್ತರರ ಪ್ರಶ್ನೆ: ಮಗಳ ಮನೆ ಅಮೆರಿಕಾದ ನ್ಯೂಜೆರ್ಸಿಯಲ್ಲಿ, ನೆವಾರ್ಕ್ ಏರ್‌ಪೋರ್ಟ್ ಅಲ್ಲಿಂದ ಹತ್ತಿರವೇ. ಮಳೆಗಾಲ ಮುಗಿದ ಮೇಲೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಅಳಿಯ ನನಗೋಸ್ಕರ ಅಂತ, ಪೈಲಟ್‌ಗಳು ಏರ್‌ಪೋರ್ಟಿನವರ ಜೊತೆ ಮಾತಾಡೋದನ್ನ ಕೇಳಿಸೋ, ಕೈಯಲ್ಲಿ ಹಿಡಿಯೋ ಒಂದು ರೇಡಿಯೋ ಸ್ಕ್ಯಾನರ್ ತೆಗೆದಿಟ್ಟಿದ್ದಾನೆ, ಯುನಿಡೆನ್ ಬಿಸಿ125ಎಟಿ ಅಂತೆ. ಕಳೆದ ಸಲ ಹೋದಾಗ ಅವನ ಸ್ನೇಹಿತರ ಮನೆಯಲ್ಲಿ ಇಂಥದ್ದೇ ಒಂದನ್ನ ಕೇಳಿದ್ದೆ. ಬರೀ ಸೊರ್ ಅನ್ನೋ ಸದ್ದು, ನಡುವೆ ಯಾರೋ ಎರಡು ಸೆಕೆಂಡ್ ಪಟಪಟ ಅಂತ ಏನೋ ಹೇಳಿ ಮುಗಿಸಿಬಿಡ್ತಿದ್ರು. ಇಂಗ್ಲಿಷ್ ನನಗೆ ಹೊಸದಲ್ಲ, ಆದ್ರೂ ಒಂದು ವಾಕ್ಯ ತಲೆಗೆ ಹೋಗಲಿಲ್ಲ. ಈ ವಯಸ್ಸಲ್ಲಿ ಇದನ್ನ ಕಲಿಯೋಕೆ ಆಗ್ತದಾ?

ಉತ್ತರ: ಖಂಡಿತ ಆಗ್ತದೆ ಮಾಸ್ತರ್ರೇ. ಅವತ್ತು ಅರ್ಥ ಆಗದೇ ಇದ್ದಿದ್ದಕ್ಕೆ ದೊಡ್ಡ ಕಾರಣ ಅಂದ್ರೆ ಆ ಸ್ಕ್ಯಾನರ್ ಸ್ಕ್ಯಾನ್ ಮಾಡ್ತಾ ಇದ್ದಿದ್ದು. ಅದು ಒಂದರ ಹಿಂದೆ ಒಂದು ಚಾನೆಲ್ ನೋಡ್ತಾ ಓಡ್ತಿರತ್ತೆ, ಎಲ್ಲಿ ದನಿ ಸಿಕ್ಕಿತೋ ಅಲ್ಲಿ ನಿಲ್ಲತ್ತೆ, ದನಿ ನಿಂತ ಸ್ವಲ್ಪ ಹೊತ್ತಿಗೆ ಮುಂದಕ್ಕೆ ಹೋಗತ್ತೆ, ಹಂಗಾಗಿ ಒಂದು ಕಡೆ ಟವರ್, ಅಂದ್ರೆ ಏರ್‌ಪೋರ್ಟಿನ ಕಂಟ್ರೋಲರ್ ಕೊಟ್ಟ ಅಪ್ಪಣೆಯ ಅರ್ಧ ಕೇಳಿರ್ತೀರಿ, ಅದರ ಬೆನ್ನಿಗೆ ಇನ್ಯಾವುದೋ ಫ್ರೀಕ್ವೆನ್ಸಿಯಲ್ಲಿ ಇನ್ಯಾವುದೋ ವಿಮಾನದವರು ಕೊಟ್ಟ ಉತ್ತರ ಕೇಳಿರ್ತೀರಿ, ಎರಡಕ್ಕೂ ಸಂಬಂಧವೇ ಇಲ್ಲ. ಹೊಸಬರಿಗೆ ಇದು ಅರ್ಥ ಆಗೋದು ಸಾಧ್ಯವೇ ಇಲ್ಲ. ಅದಕ್ಕೇ ನಾನು ಎಲ್ರಿಗೂ ಹೇಳೋದು ಒಂದೇ: ಶುರುವಿಗೆ ಸ್ಕ್ಯಾನ್ ಬಟನ್ ಮುಟ್ಟಬೇಡಿ, ಹೋಲ್ಡ್ ಒತ್ತಿ ಒಂದೇ ಫ್ರೀಕ್ವೆನ್ಸಿ ಮೇಲೆ ಕೂತ್ಕೊಳ್ಳಿ. ನಿಮ್ಮ ಸೆಟ್‌ನಲ್ಲಿ 500 ಚಾನೆಲ್ ತುಂಬೋ ಜಾಗ ಇದೆ, ಬ್ಯಾಂಕು ಅನ್ನೋ 10 ಗುಂಪು, ಒಂದೊಂದರಲ್ಲಿ 50. ಅಷ್ಟೂ ತುಂಬೋ ಆಸೆ ಬರತ್ತೆ, ಆದ್ರೆ ಬೇಡ. ಮೊದಲ ಬ್ಯಾಂಕಿನಲ್ಲಿ ನೆವಾರ್ಕ್‌ನ ನಾಲ್ಕೈದು ಫ್ರೀಕ್ವೆನ್ಸಿ ಇದ್ರೆ ಧಾರಾಳ ಆಯ್ತು.

ಯಾವ ನಾಲ್ಕೈದು ಅಂತ ಕೇಳ್ತೀರಿ. ಮೊದಲು ಎಟಿಐಎಸ್. ಇದು ರೆಕಾರ್ಡ್ ಮಾಡಿದ ದನಿ, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಎತ್ತರದಲ್ಲಿ, ಯಾವ ರನ್‌ವೇಯಲ್ಲಿ ಇಳಿಸ್ತಾ ಇದ್ದಾರೆ ಅಂತ ಮತ್ತೆ ಮತ್ತೆ ಹೇಳ್ತಾನೇ ಇರತ್ತೆ, ಒಂದು ಸಲಕ್ಕೆ ತಿಳೀಲಿಲ್ಲ ಅಂದ್ರೆ ಹತ್ತು ಸಲ ಕೇಳ್ಬಹುದು, ಕಿವಿ ಪಳಗಿಸೋದಕ್ಕೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆಮೇಲೆ ಟವರ್, ಗ್ರೌಂಡ್, ಅಪ್ರೋಚ್, ಡಿಪಾರ್ಚರ್, ಅಂದ್ರೆ ವಿಮಾನವನ್ನ ಒಂದೊಂದು ಹಂತದಲ್ಲಿ ನೋಡ್ಕೊಳ್ಳೋ ಬೇರೆ ಬೇರೆ ಕಂಟ್ರೋಲರ್‌ಗಳು. ಇಳಿಯೋ ವಿಮಾನ ಅಪ್ರೋಚ್ ಜೊತೆ ಮಾತಾಡಿ, ಕೊನೆಗೆ ಟವರ್‌ಗೆ ಬಂದು, ನೆಲ ಮುಟ್ಟಿದ ಮೇಲೆ ಗ್ರೌಂಡ್‌ಗೆ ಹೋಗತ್ತೆ, ಹೊರಡೋದು ಇದರ ಉಲ್ಟಾ. ಈ ಫ್ರೀಕ್ವೆನ್ಸಿಗಳೆಲ್ಲ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಪ್ರಕಟಿಸೋ ಏರ್‌ಪೋರ್ಟ್ ಮಾಹಿತಿಯಲ್ಲಿ ಉಚಿತವಾಗಿ ಸಿಗ್ತವೆ, ಅಳಿಯನಿಗೆ ಹೇಳಿದ್ರೆ ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್ ಹಾಕಿ ಹೆಸರು ಸಮೇತ ತುಂಬಿಸಿಕೊಡ್ತಾನೆ.

ಇನ್ನು ಆ ಸೊರ್ ಸದ್ದು. ಅದಕ್ಕೆ ಸ್ಕ್ವೆಲ್ಚ್ ಅಂತ ಒಂದು ಹೊಂದಾಣಿಕೆ ಇರತ್ತೆ, ಸದ್ದು ಎಲ್ಲಿ ನಿಲ್ತದೋ ಅಲ್ಲಿವರೆಗೆ ಮಾತ್ರ ಏರಿಸಿ, ಕೂದಲೆಳೆಯಷ್ಟು ಜಾಸ್ತಿ ಅಡ್ಡಿ ಇಲ್ಲ. ತುಂಬ ಏರಿಸಿದ್ರೆ ಸದ್ದಿನ ಜೊತೆಗೆ ದೂರದ ವಿಮಾನಗಳೂ ಹೋಗ್ತವೆ, ಸೆಟ್ ಕೆಟ್ಟಿದೆ ಅಂತ ಎಷ್ಟೋ ಜನ ತಿಳ್ಕೊಳ್ಳೋದು ಇಲ್ಲೇ. ಆಂಟೆನಾ ನೆಟ್ಟಗೆ ನಿಲ್ಲಿಸಿ, ಅಡ್ಡ ಮಲಗಿಸಬೇಡಿ, ವಿಮಾನದ ರೇಡಿಯೋ ಅಲೆಗಳು ಲಂಬವಾಗಿ ಬರ್ತವೆ. ಜೊತೆಗೆ ಬರೋ ಗಿಡ್ಡ ರಬ್ಬರ್ ಆಂಟೆನಾ ನಡೀತದೆ, ಆದ್ರೆ ಎಳೆದು ಉದ್ದ ಮಾಡೋ ಥರದ್ದು ಸಿಕ್ಕಿದ್ರೆ ಸುಮಾರು 60 ಸೆಂಟಿಮೀಟರಿಗೆ ಎಳೀರಿ. 125 ಮೆಗಾಹರ್ಟ್ಸ್ ಅಂದ್ರೆ ಅಲೆಯ ಉದ್ದ 2.4 ಮೀಟರ್, ಅದರ ಕಾಲು ಭಾಗ ಅದು. ಕಿಟಕಿ ಹತ್ತಿರ ಕೂತ್ಕೊಳ್ಳಿ, ಹಿತ್ತಲಿದ್ರೆ ಇನ್ನೂ ಒಳ್ಳೇದು. ಎಟಿಐಎಸ್ ಮತ್ತೆ ಟವರ್‌ನವರ ದನಿ ಮನೆಯೊಳಗೆ ಸಿಗದಿದ್ರೆ ವಾಕಿಂಗ್ ಹೋದಾಗ ಏರ್‌ಪೋರ್ಟ್ ಕಡೆಗಿನ ಪಾರ್ಕಿನಲ್ಲಿ ನೋಡಿ. ಮಾಮೂಲಿ ಆಲ್ಕಲೈನ್ ಸೆಲ್ ಹಾಕಿದ್ರೆ ಯಾವ ಕಾರಣಕ್ಕೂ ಚಾರ್ಜಿಗೆ ಇಡಬೇಡಿ, ಚಾರ್ಜ್ ಆಗೋ ಸೆಲ್ ಬೇರೆ.

ಈಗ ಮಾತಿಗೆ ಬರೋಣ. ಟವರ್‌ನ ಫ್ರೀಕ್ವೆನ್ಸಿ ಮೇಲೆ ಕೂತಿದ್ದೀರಿ ಅಂತಿಟ್ಕೊಳ್ಳಿ, ಕೇಳೋದು ಸುಮಾರಾಗಿ ಹೀಗಿರತ್ತೆ: "ಯುನೈಟೆಡ್ ಫೋರ್ ಟ್ವೆಂಟಿ ಒನ್, ವಿಂಡ್ ಟೂ ಥ್ರೀ ಜೀರೋ ಅಟ್ ಎಯ್ಟ್, ರನ್‌ವೇ ಟೂ ಟೂ ಲೆಫ್ಟ್, ಕ್ಲಿಯರ್ಡ್ ಟು ಲ್ಯಾಂಡ್." ಕೂಡ್ಲೇ ಪೈಲಟ್: "ಕ್ಲಿಯರ್ಡ್ ಟು ಲ್ಯಾಂಡ್ ಟೂ ಟೂ ಲೆಫ್ಟ್, ಯುನೈಟೆಡ್ ಫೋರ್ ಟ್ವೆಂಟಿ ಒನ್." ಇದನ್ನ ಬಿಡಿಸಿ ನೋಡಿ. ಮೊದಲು ಯಾರಿಗೆ ಹೇಳ್ತಿದ್ದಾರೆ, ಅಂದ್ರೆ ಯುನೈಟೆಡ್ ಕಂಪನಿಯ 421 ನಂಬರಿನ ವಿಮಾನಕ್ಕೆ, ಆಮೇಲೆ ಗಾಳಿ 230 ಡಿಗ್ರಿ ಅಂದ್ರೆ ನೈರುತ್ಯದಿಂದ 8 ನಾಟ್ ವೇಗದಲ್ಲಿ, ಆಮೇಲೆ ರನ್‌ವೇ, ಕೊನೆಗೆ ಅಪ್ಪಣೆ. ಪೈಲಟ್ ಅದನ್ನೇ ತಿರುಗಿ ಒಪ್ಪಿಸ್ತಾನೆ, ತಪ್ಪಾಗಿ ಒಪ್ಪಿಸಿದ್ರೆ ಕಂಟ್ರೋಲರ್ ಅಲ್ಲೇ ತಿದ್ದಬೇಕು. ಮಗ್ಗಿ ಒಪ್ಪಿಸಿದ ಹಾಗೇ ಅನ್ನಿ, ನೀವು ವರ್ಷಗಟ್ಟಲೆ ಮಾಡಿಸಿದ್ದೇ. ಕಲಿಯೋರಿಗೆ ಇದರಿಂದ ಆಗೋ ಉಪಕಾರ ಏನಂದ್ರೆ ಎಲ್ಲ ಮಾತೂ ಎರಡೆರಡು ಸಲ ಕಿವಿಗೆ ಬೀಳತ್ತೆ, ಒಬ್ಬರ ಉಚ್ಚಾರ ತಿಳೀದಿದ್ರೆ ಇನ್ನೊಬ್ಬರದ್ದು ತಿಳೀತದೆ.

ರನ್‌ವೇ ಸಂಖ್ಯೆ ಅಂದ್ರೆ ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದಿದ್ದು, 22 ಅಂದ್ರೆ ಸುಮಾರು 220 ಡಿಗ್ರಿ, ಅದೇ ಪಟ್ಟಿಯನ್ನ ಆ ತುದಿಯಿಂದ ನೋಡಿದ್ರೆ 04. ನೆವಾರ್ಕ್‌ನಲ್ಲಿ ಅಂಥ ಎರಡು ಅಕ್ಕಪಕ್ಕ ಇವೆ, ಅದಕ್ಕೇ ಲೆಫ್ಟ್, ರೈಟ್ ಅಂತ ಸೇರಿಸೋದು. ನೈರುತ್ಯದ ಗಾಳಿ ಇದ್ದಾಗ ಸಾಮಾನ್ಯವಾಗಿ 22 ಲೆಫ್ಟ್‌ನಲ್ಲಿ ಇಳಿಸ್ತಾರೆ, 22 ರೈಟ್‌ನಿಂದ ಹಾರಿಸ್ತಾರೆ. ಎಟಿಐಎಸ್ ಕೇಳಿ ಅವತ್ತಿನ ಗಾಳಿ, ರನ್‌ವೇ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ, ಆಮೇಲೆ ಟವರ್ ಹಾಕಿದ್ರೆ ಅವರು ಬಾಯಿ ಬಿಡೋ ಮುಂಚೆಯೇ ಏನು ಹೇಳ್ತಾರೆ ಅಂತ ಅರ್ಧ ನಿಮಗೆ ಗೊತ್ತಿರತ್ತೆ. ಮೊಬೈಲ್‌ನಲ್ಲಿ ಫ್ಲೈಟ್‌ರೇಡಾರ್24 ಅನ್ನೋ, ಯಾವ ವಿಮಾನ ಎಲ್ಲಿದೆ ಅಂತ ತೋರಿಸೋ ಆಪ್ ತೆರೆದಿಟ್ಕೊಂಡು ಹೆಸರು ಹೊಂದಿಸ್ತಾ ಹೋಗಿ, ಈ ದನಿ ಈ ವಿಮಾನದ್ದು ಅಂತ ಗೊತ್ತಾದ ಮೇಲೆ ರುಚಿ ಹತ್ತತ್ತೆ. ನೆವಾರ್ಕ್‌ಗೆ ನಮ್ಮ ಏರ್ ಇಂಡಿಯಾ ವಿಮಾನವೂ ಹೋಗತ್ತೆ, ಆ ಹೆಸರು ಕರೆಯೋದನ್ನ ಕಾದು ಕೇಳಿ. ಒಂದು ಮಾತು ನೆನಪಿರಲಿ, ಹೋಗ್ತಾ ಬರ್ತಾ ವಿಮಾನದೊಳಗೆ ಸ್ಕ್ಯಾನರ್ ಆನ್ ಮಾಡೋ ಹಾಗಿಲ್ಲ.

ಕಾರವಾರದ ಓದುಗರ ಪ್ರಶ್ನೆ: ಅಣ್ಣ ಅಮೆರಿಕಾದಿಂದ ಬರುವಾಗ ಇಂಥ ಸ್ಕ್ಯಾನರ್ ತರ್ತೀನಿ ಅಂದಿದ್ದಾನೆ. ಗೋವಾಕ್ಕೆ ಹೋಗೋ ವಿಮಾನ ನಮ್ಮ ತಲೆ ಮೇಲೇ ಹೋಗ್ತವೆ. ಸಂಜೆ ಟಾಗೋರ್ ಬೀಚಿನಲ್ಲಿ ಕೂತು ಕೇಳ್ಬಹುದಾ?

ಉತ್ತರ: ಬೇಡಿ. ಅಣ್ಣನಿಗೆ ಈಗಲೇ ಫೋನ್ ಮಾಡಿ ತರಬೇಡ ಅಂತ ಹೇಳಿ. ಅಮೆರಿಕಾದಲ್ಲಿ ವಿಮಾನ, ಹಡಗಿನ ರೇಡಿಯೋ ಮಾತು ಕೇಳೋದಕ್ಕೆ ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ, ಇಲ್ಲಿ ಹಾಗಿಲ್ಲ. 1933ರ ಹಳೇ ವೈರ್‌ಲೆಸ್ ಕಾಯ್ದೆಯಲ್ಲೂ 2023ರ ಟೆಲಿಕಮ್ಯುನಿಕೇಶನ್ಸ್ ಕಾಯ್ದೆಯಲ್ಲೂ ಇಂಥ ಉಪಕರಣ ಸುಮ್ಮನೆ ಇಟ್ಕೊಳ್ಳೋದಕ್ಕೇ ಸರ್ಕಾರದ ಅನುಮತಿ ಬೇಕು ಅಂತ ಇದೆ, ಬಳಸೋದು ಆಮೇಲಿನ ಮಾತು. ಕಾನೂನು ಮೀರಿ ಸಂದೇಶ ಕದ್ದು ಕೇಳಿದ್ರೆ ಹೊಸ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 2 ಕೋಟಿವರೆಗೆ ದಂಡ, ಅಥವಾ ಎರಡೂ. ಅನುಮತಿ ಕೇಳಬೇಕಾದ ಜಾಗ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಬರವಣಿಗೆಯಲ್ಲಿ ಉತ್ತರ ಬಾರದೆ ಇಂಥ ಸೆಟ್ ಊರಿಗೆ ತರಿಸೋದು ಬೇಡ.

ಅದರಲ್ಲೂ ನಮ್ಮ ಕಾರವಾರ ಅಂದ್ರೆ ಬೇರೆಯೇ. ಅರ್ಗಾದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಇದೆ, ನೀವು ಹೇಳೋ ಗೋವಾದ ದಾಬೋಲಿಂ ಕೂಡ ನೌಕಾಪಡೆಯ ಐಎನ್‌ಎಸ್ ಹಂಸ, ಅದೇ ರನ್‌ವೇಯಲ್ಲಿ ಪ್ರಯಾಣಿಕರ ವಿಮಾನವೂ ಇಳೀತದೆ. ಈ ಸ್ಕ್ಯಾನರ್‌ಗಳಲ್ಲಿ 225ರಿಂದ 380 ಮೆಗಾಹರ್ಟ್ಸ್‌ವರೆಗಿನ ಮಿಲಿಟರಿ ಬ್ಯಾಂಡೂ ಇರತ್ತೆ. ಆಂಟೆನಾ ಎತ್ಕೊಂಡು ಬೀಚಿನಲ್ಲಿ ಕೂತವರನ್ನ ಪೊಲೀಸರು ವಿಚಾರಿಸಿದ್ರೆ ಅದು ಅವರ ಕೆಲಸ, ಅದರಲ್ಲಿ ಅವರ ತಪ್ಪು ನನಗೆ ಕಾಣಲ್ಲ.

ಹಾಗಂತ ಕಲಿಯೋದನ್ನ ಬಿಡಬೇಕಾಗಿಲ್ಲ. ಏರ್‌ಪೋರ್ಟ್ಸ್ ಅಥಾರಿಟಿಯವರ ಎಐಪಿ ಅನ್ನೋ ದೊಡ್ಡ ಕೈಪಿಡಿ ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ಓದ್ಬಹುದು, ಆಕಾಶದ ದಾರಿಗಳು, ರನ್‌ವೇ ನಕ್ಷೆ ಎಲ್ಲ ಅದರಲ್ಲಿ ಇವೆ. ಅದನ್ನ ನೋಡಿದ್ರೆ ಗೋವಾ ಮುಂಬೈನವರ ವಾಯುಪ್ರದೇಶಕ್ಕೆ ಸೇರಿದೆ, ಮಂಗಳೂರು ಚೆನ್ನೈನವರದ್ದಕ್ಕೆ, ನಮ್ಮ ಕರಾವಳಿ ಗುಂಟ ಹೋಗೋ ವಿಮಾನವನ್ನ ದಾರಿ ಮಧ್ಯೆ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸಬೇಕು ಅನ್ನೋದು ತಿಳೀತದೆ. ಆಪ್‌ನಲ್ಲಿ ವಿಮಾನ ನೋಡ್ತಾ ಈ ನಕ್ಷೆ ಪಕ್ಕಕ್ಕಿಟ್ಕೊಳ್ಳಿ.

ಅಂಕೋಲಾದಿಂದ ಒಬ್ಬಳು ಪಿಯುಸಿ ವಿದ್ಯಾರ್ಥಿನಿ: ಎಫ್‌ಎಂ ಅಷ್ಟು ಸ್ಪಷ್ಟ ಇರುವಾಗ ವಿಮಾನಗಳಲ್ಲಿ ಇನ್ನೂ ಎಎಂ ಯಾಕೆ? ಮತ್ತೆ ವಿಮಾನದ ದನಿ ನೂರಾರು ಕಿಲೋಮೀಟರ್‌ನಿಂದ ಕೇಳತ್ತೆ, ಟವರ್‌ದು ಪಕ್ಕದೂರಿಗೂ ಕೇಳಲ್ಲ ಅಂತ ಓದಿದೆ. ಹೇಗೆ?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀಯ ಪುಟ್ಟಿ. ಎರಡನೇದನ್ನ ಮೊದಲು ಹೇಳ್ತೀನಿ. ವಿಮಾನದ ಮಾತು ನಡೆಯೋದು 118ರಿಂದ 137 ಮೆಗಾಹರ್ಟ್ಸ್ ಒಳಗೆ, ಈ ಅಲೆಗಳು ಹೆಚ್ಚುಕಡಿಮೆ ನೇರ ಹೋಗ್ತವೆ, ಭೂಮಿಯ ಉಬ್ಬು ಅಡ್ಡ ಬಂದ ಕೂಡ್ಲೇ ಮುಗೀತು. ಲೆಕ್ಕ ಸುಲಭ, ಎತ್ತರವನ್ನ ಮೀಟರಲ್ಲಿ ತಗೊಂಡು ವರ್ಗಮೂಲ ಹಾಕಿ 4.12ರಿಂದ ಗುಣಿಸು, ಕಿಲೋಮೀಟರ್ ಬರತ್ತೆ, ಎರಡೂ ತುದಿಗೆ ಹೀಗೆ ಮಾಡಿ ಕೂಡಿಸು. 35,000 ಅಡಿ ಅಂದ್ರೆ ಸುಮಾರು 10,700 ಮೀಟರ್, ಅಲ್ಲಿನ ವಿಮಾನಕ್ಕೆ 420 ಕಿಲೋಮೀಟರ್ ದಾಟತ್ತೆ. 10 ಮೀಟರ್ ಎತ್ತರದ ಕಂಬದ ಆಂಟೆನಾ, ಕೇಳೋರು 2 ಮೀಟರಲ್ಲಿ ಅಂದ್ರೆ 20 ಕಿಲೋಮೀಟರ್ ಕೂಡ ಆಗಲ್ಲ. ಇದು ಬಯಲು ಸೀಮೆಯ ಲೆಕ್ಕ, ನಮ್ಮ ಕಡೆ ನಡುವೆ ಗುಡ್ಡ ಬಂದ್ರೆ ಅದೂ ಇಲ್ಲ. ಅದಕ್ಕೇ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಎಫ್‌ಎಂ, ಮೊಬೈಲ್ ಸಿಗ್ನಲ್ ಎಲ್ಲದರಲ್ಲೂ ಇಷ್ಟು ವ್ಯತ್ಯಾಸ.

ಈಗ ಎಎಂ. ಎಎಂ, ಎಫ್‌ಎಂ ಅಂದ್ರೆ ದನಿಯನ್ನ ರೇಡಿಯೋ ಅಲೆ ಮೇಲೆ ಹೊರಿಸೋ ಎರಡು ಬಗೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ರೆ ಜೋರಾಗಿರೋ ಸಿಗ್ನಲ್ ಗೆಲ್ಲತ್ತೆ, ಇನ್ನೊಬ್ಬ ಮಾತಾಡಿದ ಅನ್ನೋದೇ ಗೊತ್ತಾಗಲ್ಲ. ಎಎಂನಲ್ಲಿ ಎರಡೂ ಸೇರಿ ಕಿವಿಗೆ ಚುಚ್ಚೋ ಸಿಳ್ಳೆ ಬರತ್ತೆ, ಕೆಲವು ಸಲ ಕ್ಷೀಣ ದನಿಯೂ ಒಳಗೆ ಕೇಳತ್ತೆ. ತೊಂದರೆಯಲ್ಲಿ ಇರೋನ ಸಿಗ್ನಲ್ಲೇ ಕ್ಷೀಣ ಇರಬಹುದಲ್ಲ, ಅವನ ಕರೆ ಸದ್ದಿಲ್ಲದೆ ಮುಚ್ಚಿಹೋಗಬಾರದು. ಆದ್ರೆ ಸಿಳ್ಳೆ ಹೇಳೋದು ಇಬ್ಬರು ಮಾತಾಡಿದ್ರು ಅಂತ ಮಾತ್ರ, ಏನು ಮಾತಾಡಿದ್ರು ಅಂತ ಹೇಳಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಕೆಎಲ್‌ಎಂ ವಿಮಾನ ಹಾರೋದಕ್ಕೆ ಹೊರಟಿತ್ತು. ಕಾಯಿರಿ, ನಾನು ಕರೀತೀನಿ ಅಂತ ಕಂಟ್ರೋಲರ್ ಹೇಳಿದ ಮಾತೂ, ನಾವಿನ್ನೂ ರನ್‌ವೇ ಮೇಲೇ ಇದ್ದೀವಿ ಅಂತ ಪ್ಯಾನ್ ಆಮ್ ಪೈಲಟ್‌ಗಳು ಹೇಳಿದ ಮಾತೂ ಒಂದೇ ಹೊತ್ತಿಗೆ ಬಂದು ಕೆಎಲ್‌ಎಂನವರಿಗೆ ಕೇಳಿಸಿದ್ದು ಸಿಳ್ಳೆಯೇ. ಎರಡೂ ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ಆದ್ರೆ ಅಪ್ಪಣೆಯನ್ನ ತಿರುಗಿ ಒಪ್ಪಿಸೋ ನಿಯಮ, ಮಾತಿನ ಕಟ್ಟುನಿಟ್ಟು ಇಷ್ಟು ಬಿಗಿಯಾಗಿದ್ದು ಆಮೇಲೆ.

ಭಟ್ಕಳದ ಓದುಗರು: ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ವಾಕಿಟಾಕಿ ಸಿಗ್ತವೆ, ಏರ್‌ಬ್ಯಾಂಡ್ ಅಂದ್ರೆ ವಿಮಾನದ ಫ್ರೀಕ್ವೆನ್ಸಿಗಳು ಬರ್ತವೆ ಅಂತ ಬರ್ದಿರ್ತಾರೆ. ತಗೋಬಹುದಾ?

ಉತ್ತರ: ಬೇಡ. ಸ್ಕ್ಯಾನರ್ ಬರೀ ಕೇಳತ್ತೆ, ವಾಕಿಟಾಕಿಯಲ್ಲಿ ಮಾತಾಡೋ ಬಟನ್ನೂ ಇದೆ, ಮಕ್ಕಳ ಕೈಗೆ ಸಿಕ್ಕಿ ಎಲ್ಲಿ ಏನು ಒತ್ತಿದ್ರೋ ಹೇಳೋಕಾಗಲ್ಲ. ಅನುಮತಿ ಇಲ್ಲದ ವಾಕಿಟಾಕಿಗಳ ಆನ್‌ಲೈನ್ ಮಾರಾಟದ ಬಗ್ಗೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿದ್ದೂ ಇದಕ್ಕೇ.

ಹೊನ್ನಾವರದಿಂದ ಒಬ್ಬ ಅಕ್ಕನ ಪ್ರಶ್ನೆ: ಮಗನಿಗೆ ರೇಡಿಯೋ ಹುಚ್ಚು. ಕಾನೂನಿನ ಪ್ರಕಾರವೇ ಕಲಿಯೋ ದಾರಿ ಇದೆಯಾ?

ಉತ್ತರ: ಇದೆ ಅಕ್ಕಾ, ತುಂಬ ಒಳ್ಳೇ ದಾರಿ. ಹ್ಯಾಮ್ ರೇಡಿಯೋ, ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ಮಾಡೋ ರೇಡಿಯೋ, ಅದರ ಪರೀಕ್ಷೆ ಬರೆಸಿ. 12 ವರ್ಷ ತುಂಬಿದ ಮಕ್ಕಳೂ ಕೂರಬಹುದು, ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಅನ್ನೋ ಕಟ್ಟುಕಡ ಸಂಕೇತ ಬೇಕಿಲ್ಲ, ರೇಡಿಯೋ ಹೇಗೆ ಕೆಲಸ ಮಾಡತ್ತೆ ಮತ್ತು ನಿಯಮಗಳೇನು ಅನ್ನೋ ಎರಡು ವಿಷಯ ಓದಿದ್ರೆ ಆಯ್ತು. ಲೈಸೆನ್ಸ್ ಬಂದ ಮೇಲೆ ಅವನದ್ದೇ ಕರೆ ಹೆಸರು ಸಿಗತ್ತೆ, ಕೇಳೋದಷ್ಟೇ ಅಲ್ಲದೆ ಮಾತಾಡ್ಲೂಬಹುದು, ಹ್ಯಾಮ್‌ಗಳಿಗೆ ಬಿಟ್ಟ ಫ್ರೀಕ್ವೆನ್ಸಿಗಳಲ್ಲಿ ಮಾತ್ರ. ವಿಮಾನದವರು ಬಳಸೋ ಆಲ್ಫಾ, ಬ್ರಾವೋ, ಚಾರ್ಲಿ ಅನ್ನೋ ಅಕ್ಷರಮಾಲೆಯನ್ನೇ ಇಲ್ಲೂ ಬಳಸ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೋ 145.800 ಮೆಗಾಹರ್ಟ್ಸ್‌ನಲ್ಲಿ ಮಾತು ಕಳಿಸ್ತದೆ, ಅದು ತಲೆ ಮೇಲೆ ಹಾದು ಹೋಗುವಾಗ ಸಣ್ಣ ಸೆಟ್‌ನಲ್ಲೂ ಹಿಡೀಬಹುದು. ಮೊದಲು ಊರ ಹತ್ತಿರ ಲೈಸೆನ್ಸ್ ಇರೋ ಹ್ಯಾಮ್ ಯಾರಾದ್ರೂ ಇದ್ದಾರಾ ವಿಚಾರಿಸಿ, ಅವರ ಮನೆಗೆ ಮಗನನ್ನ ಒಂದು ಭಾನುವಾರ ಕರ್ಕೊಂಡು ಹೋಗಿ.