ಟೇಬಲ್‌ಗೆ ಹೆಸರಿಡುವಾಗ ಕರೆಂಟ್ ಹೋಗುವುದನ್ನು ನೆನೆಸಿಕೊಳ್ಳಿ

ಸರ್, ಗಂಗಾವತಿಯ ರೈಸ್ ಮಿಲ್ಲಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಸಾಫ್ಟ್‌ವೇರ್ ಮಾಡುತ್ತಿದ್ದೀರಿ, ಡೇಟಾ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದನ್ನು ನೋಡಿ ಟೇಬಲ್‌ಗಳನ್ನು ಲೆವೆಲ್ 1, 2, 3 ಅಂತ ವಿಂಗಡಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ವಿಂಗಡಿಸಿ, ಆದರೆ ನಂಬರ್ ಬೇಡ. ಆರು ತಿಂಗಳಾದ ಮೇಲೆ 1 ಗಟ್ಟಿಯೋ 3 ಗಟ್ಟಿಯೋ ನಿಮಗೇ ನೆನಪಿರಲ್ಲ.

ಕೀರ್ದಿ, ಖಾತೆ ಗೊತ್ತಲ್ವಾ? ಗುಮಾಸ್ತರು ಮೊದಲು ಕೀರ್ದಿಗೆ ಬರೆದು, ಬಿಡುವಾದಾಗ ಖಾತೆಗೆ ಏರಿಸುತ್ತಾರೆ. ಪೋಸ್ಟ್‌ಗ್ರೆಸ್ಸಿನ ‘ವಾಲ್’ (ರೈಟ್-ಅಹೆಡ್ ಲಾಗ್) ಅಂದರೆ ಆ ಕೀರ್ದಿ. ನಡುವೆ ಕರೆಂಟ್ ಹೋದರೂ ಅದನ್ನು ನೋಡಿ ಖಾತೆ ಸರಿಮಾಡಿಕೊಳ್ಳುತ್ತದೆ. 2011ರಲ್ಲಿ 9.1ರ ಜೊತೆ ಬಂದ ‘ಅನ್‌ಲಾಗ್ಡ್’ ಟೇಬಲ್‌ನ ಡೇಟಾ ಕೀರ್ದಿಗೆ ಹೋಗುವುದೇ ಇಲ್ಲ. ಅದಕ್ಕೇ ಬರೆಯುವುದು ಬೇಗ. ಆದರೆ ಸರ್ವರ್ ಧಡಕ್ಕನೆ ನಿಂತು ಮತ್ತೆ ಎದ್ದಾಗ ಆ ಟೇಬಲ್ ಖಾಲಿ. ಕೊನೆಯ ನಾಲ್ಕು ಸಾಲಲ್ಲ, ಪೂರ್ತಿ. ಸರಿಯಾಗಿ ಶಟ್‌ಡೌನ್ ಮಾಡಿದರೆ ಉಳಿಯುತ್ತದೆ, ಹಾಗಾಗಿ ಟೆಸ್ಟ್ ಮಾಡುವಾಗ ಗೊತ್ತೇ ಆಗಲ್ಲ.

ನನಗೆ ಗೊತ್ತಾಗಿದ್ದು ಸುಗ್ಗಿಯಲ್ಲಿ. ಲಾರಿ ತೂಗುವ ಕಾಟಾದ ಟೇಬಲ್ಲನ್ನು ಅನ್‌ಲಾಗ್ಡ್ ಮಾಡಿ ‘ಫಾಸ್ಟ್_ತೂಕ’ ಅಂತ ಹೆಸರಿಟ್ಟಿದ್ದೆ. ಲಾರಿಗಳ ಲೋಡ್ ತೂಕ ಆಗಿತ್ತು, ಖಾಲಿ ತೂಕ ಬಾಕಿ. ಯುಪಿಎಸ್ ಕೈಕೊಟ್ಟಿತು. ಆಮೇಲೆ ಕಾರ್ಬನ್ ಚೀಟಿ ಹುಡುಕಿ ರಾತ್ರಿಯೆಲ್ಲಾ ಎಂಟ್ರಿ! ಹೆಸರು ಲಾಭ ಹೇಳುತ್ತಿತ್ತು, ನಷ್ಟ ಹೇಳುತ್ತಿರಲಿಲ್ಲ. ಈಗ ಅಂಥ ಟೇಬಲ್‌ಗೆಲ್ಲಾ ‘ಕ್ರ್ಯಾಶಾದರೆ_ಖಾಲಿ’ ಅಂತಲೇ ಶುರು ಮಾಡುತ್ತೇನೆ. ಸ್ವಲ್ಪ ಒರಟು, ಇರಲಿ. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಇನ್ನೊಂದು ಡೇಟಾಬೇಸ್‌ನವರು ಇಂಥದ್ದಕ್ಕೆ ಇಟ್ಟ ‘ಸ್ಕೀಮಾ ಓನ್ಲಿ’ ಹೆಸರು ನನಗೆ ಇಷ್ಟ: ಚೌಕಟ್ಟಷ್ಟೇ ಉಳಿಯುತ್ತದೆ ಅಂತ ಹೆಸರೇ ಹೇಳುತ್ತದೆ.

ನಿಮ್ಮ ಲೆವೆಲ್ 3, ಅಂದರೆ ತಾತ್ಕಾಲಿಕ ‘ಟೆಂಪ್’ ಟೇಬಲ್, ಈ ಸಾಲಿಗೇ ಸೇರಲ್ಲ. ಅದರಲ್ಲಿರುವುದು ಬೇರೆ ಸೆಷನ್‌ಗೆ, ಅಂದರೆ ಡೇಟಾಬೇಸ್‌ಗೆ ಇರುವ ಬೇರೆ ಕನೆಕ್ಷನ್‌ಗೆ, ಕಾಣುವುದೇ ಇಲ್ಲ. ಯಾರಿಗೆ ಕಾಣುತ್ತದೆ ಅನ್ನುವುದು ಬೇರೆ, ಎಷ್ಟು ಉಳಿಯುತ್ತದೆ ಅನ್ನುವುದು ಬೇರೆ.

ಮಧ್ಯದ ಮಟ್ಟ ಬೇಕಾದರೆ ಸಿಂಕ್ರೊನಸ್ ಕಮಿಟ್, ಅಂದರೆ ಕೀರ್ದಿ ಡಿಸ್ಕ್‌ಗೆ ಸೇರುವವರೆಗೆ ಕಾಯುವುದನ್ನು, ಆಫ್ ಮಾಡಬಹುದು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ ಕೊನೆಯ 600 ಮಿಲಿಸೆಕೆಂಡಿನ ಕೆಲಸ ಹೋಗಬಹುದು, ಉಳಿದದ್ದು ಕೆಡಲ್ಲ. ಆದರೆ ಅದು ಟ್ರಾನ್ಸಾಕ್ಷನ್ನಿನ (ಒಟ್ಟಿಗೆ ಸೇವ್ ಆಗುವ ಕೆಲಸದ) ಸೆಟ್ಟಿಂಗ್, ಟೇಬಲ್ಲಿನದಲ್ಲ. ಟೇಬಲ್ ಹೆಸರಿಗೆ ಅಂಟಿಸಬೇಡಿ. ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕ್‌ಗೆ ಸೇರುವಂತೆ ನೋಡಿಕೊಳ್ಳುವ ಸೆಟ್ಟಿಂಗ್) ಮಾತ್ರ ಮುಟ್ಟಲೇಬೇಡಿ, ಅದನ್ನು ಆಫ್ ಮಾಡಿ ಕರೆಂಟ್ ಹೋದರೆ ಡೇಟಾಬೇಸೇ ಕೆಡಬಹುದು.

ಇನ್ನೊಂದು. ಖಾಯಂ (ಕೀರ್ದಿಗೆ ಹೋಗುವ) ಟೇಬಲ್‌ನಿಂದ ಅನ್‌ಲಾಗ್ಡ್ ಟೇಬಲ್‌ಗೆ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಕೊಂಡಿ) ಕೊಟ್ಟರೆ ಪೋಸ್ಟ್‌ಗ್ರೆಸ್ ಒಪ್ಪಲ್ಲ. ಅಲ್ಲಿ ಎರರ್ ಬಂದರೆ ಬೈಯಬೇಡಿ, ಡಿಸೈನ್ ನೋಡಿಕೊಳ್ಳಿ. ನಿಮ್ಮ ಗೇಟ್ ಡಿಸ್‌ಪ್ಲೇ ಟೇಬಲ್ ಅನ್‌ಲಾಗ್ಡ್ ಇರಲಿ, ತೂಕ ಖಾಯಂ ಆಗಲಿ. ಮಿಲ್ಲಿಗೆ ಕೊಡುವ ಮೊದಲು ಟೆಸ್ಟ್ ಸರ್ವರನ್ನು ಒಮ್ಮೆ ‘ಇಮ್ಮೀಡಿಯೆಟ್’ ಮೋಡ್‌ನಲ್ಲಿ, ಅಂದರೆ ಕರೆಂಟ್ ಹೋದ ಹಾಗೆ ಧಡಕ್ಕನೆ, ನಿಲ್ಲಿಸಿ, ಶುರು ಮಾಡಿ, ಯಾವ ಟೇಬಲ್ ಖಾಲಿಯಾಯ್ತು ಅಂತ ಇಲ್ಲೇ ಹಾಕಿ.